ಹೊಸ ರೈಫಲ್‌ಗೆ ಯಾವ ಕ್ಯಾಲಿಬರ್? .315, .30-06, ಇಲ್ಲ ಅಜ್ಜನ 12 ಬೋರೇ ಸಾಕಾ?

ಚಿಂಚೋಳಿ ತೊಗರಿ

ಎಲ್ಲರಿಗೂ ಶರಣು. ನಾನು ಚಿಂಚೋಳಿ ತಾಲೂಕಿನವನು. ಕೊಂಚಾವರಂ ಕಾಡಿನ ಅಂಚಿನಲ್ಲಿ ನಮ್ಮ ಹೊಲ. ಅರ್ಧ ಎರೆ, ಅರ್ಧ ಕೆಂಪು ಮಣ್ಣು. ತೊಗರಿ, ಜೋಳ, ಒಂದಿಷ್ಟು ಶೇಂಗಾ ಹಾಕುತ್ತೇವೆ. ಶೇಂಗಾ ಕಾಯಿ ಕಟ್ಟಿತು ಅಂದರೆ ಹಂದಿ ಹಿಂಡು ಬಂತು ಅಂತಲೇ ಲೆಕ್ಕ. ಒಂದೇ ರಾತ್ರಿಯಲ್ಲಿ ಸಾಲು ಸಾಲೇ ಕೆದರಿ ಹೋಗುತ್ತವೆ. ತಿಂದಿದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಜಾಸ್ತಿ.

ಅಜ್ಜನ ಕಾಲದ 12 ಬೋರ್ ಡಬಲ್ ಬ್ಯಾರಲ್ ಬಂದೂಕು ಇದೆ. ಲೈಸೆನ್ಸ್ ಈಗ ಅಪ್ಪನ ಹೆಸರಲ್ಲಿದೆ. ಬೆಳೆ ಕಾಯಲಿಕ್ಕೆ ಅಂತ ನನ್ನ ಹೆಸರಲ್ಲಿ ಒಂದು ರೈಫಲ್‌ಗೆ ಅರ್ಜಿ ಹಾಕಬೇಕು ಅಂತ ಮನಸ್ಸು ಮಾಡಿದ್ದೇನೆ. ಅರ್ಜಿಯಲ್ಲಿ ಯಾವ ಬೋರ್ (ನಳಿಗೆಯ ಒಳ ಅಳತೆ, ಕ್ಯಾಲಿಬರ್) ಅಂತ ಬರೆಯಬೇಕಂತೆ. .315 ಅಂತ ಕೆಲವರು, .30-06 ಅಂತ ಕೆಲವರು, .22 ಸಾಕು, ಖರ್ಚು ಕಡಿಮೆ ಅಂತ ಇನ್ನೊಬ್ಬರು. ಬಳಸಿದವರು, ತಿಳಿದವರು ಹೇಳಿ. ಹೊಡೆಯುವ ದೂರ ಅಬ್ಬಬ್ಬಾ ಅಂದರೆ 60-70 ಮೀಟರ್.

ಬೀದರ್ ಟು ಟೆಕ್ಸಾಸ್

ಅಣ್ಣಾ, ನಾನು ಮೂಲ ಭಾಲ್ಕಿ ಕಡೆಯವನು, ಈಗ ಟೆಕ್ಸಾಸ್‌ನಲ್ಲಿ ಇದ್ದೇನೆ. ಇಲ್ಲಿ ಹಂದಿ ಕಾಟ ನಮ್ಮೂರಿಗಿಂತ ಜಾಸ್ತಿ. ಇವು ಕಾಡು ಸೇರಿದ ಸಾಕು ಹಂದಿಯ ತಳಿ. ಹೊಲದ ಮಾಲೀಕ ಒಪ್ಪಿದರೆ ಖಾಸಗಿ ಜಮೀನಿನಲ್ಲಿ ಇವನ್ನು ಹೊಡೆಯಲು ಬೇಟೆ ಲೈಸೆನ್ಸ್ ಕೂಡ ಬೇಡ, 2019ರಿಂದ ಹಾಗೆ ಮಾಡಿದ್ದಾರೆ.

ಇಲ್ಲಿ ಹೊಸದಾಗಿ ರೈಫಲ್ ಕೊಳ್ಳುವವರಿಗೆ ಎಲ್ಲರೂ ಹೇಳುವುದು .308. ತೋಟಾ (ಕಾರ್ಟ್ರಿಜ್) ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಂದಿಗೂ ಸೈ, ಜಿಂಕೆಗೂ ಸೈ. ಭುಜಕ್ಕೆ ಹೊಡೆತ ಕಡಿಮೆ ಇರಲಿ ಅನ್ನುವವರು 6.5 ಕ್ರೀಡ್‌ಮೂರ್ ತಗೋತಾರೆ, 2007ರಲ್ಲಿ ಬಂದಿದ್ದು. ಹಳಬರು .270 ವಿಂಚೆಸ್ಟರ್ ಬಿಡುವುದಿಲ್ಲ, ಅದು 1925ರದ್ದು. ಹುಡುಗರಿಗೆ ಕಲಿಸಲು .243. ನನ್ನ ಕೇಳಿದರೆ ಕಣ್ಣು ಮುಚ್ಚಿ .308 ತಗೊಳ್ಳಿ.

ಆಳಂದ ಹವಾಲ್ದಾರ್ (ನಿವೃತ್ತ)

ತಮ್ಮಾ, ನೀನು ಹೇಳಿದ್ದು ಅಲ್ಲಿಗೆ ಸರಿ. ಇಲ್ಲಿಗೆ .308 ಹೆಸರನ್ನೇ ಎತ್ತುವ ಹಾಗಿಲ್ಲ. ನಮ್ಮಲ್ಲಿ ಸೇನೆಯ ತೋಟಾ ಹಿಡಿಸುವ ರೈಫಲ್ ಎಲ್ಲ ನಿಷೇಧಿತ ಬೋರ್. .303 ಬಂತು, 7.62 ಬಂತು. .308ರ ಕೋಣೆಯಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಇಡುವ ಜಾಗದಲ್ಲಿ, ಸೇನೆಯ 7.62×51 ತೋಟಾ ಕೂರುತ್ತದೆ. ಹಾಗಾಗಿ ಅದು ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ.

ಆದರೆ .30-06 ಸಿಗುತ್ತದೆ. ಅದರ ಬೋರೂ 7.62 ಮಿಲಿಮೀಟರೇ. ಕೇಸ್ (ತೋಟಾದ ಹಿತ್ತಾಳೆ ಕೊಳವೆ) ಮಾತ್ರ 63 ಮಿಲಿಮೀಟರ್ ಉದ್ದ. ನಮ್ಮ ಸೇನೆಯ ತೋಟಾ ಅದಕ್ಕೆ ಹೊಂದುವುದಿಲ್ಲ. ಅರ್ಜಿಯಲ್ಲಿ ಸುಮ್ನೆ "7.62" ಅಂತ ಬರೆದರೆ ವಾಪಸ್ ಬರುತ್ತದೆ. ".30-06 ಸ್ಪೋರ್ಟಿಂಗ್ ರೈಫಲ್" ಅಂತ ಪೂರ್ತಿ ಬರೆಯಬೇಕು.

.315 ಬಗ್ಗೆ ಒಂದು ಮಾತು. ಅದು 8×50 ಮ್ಯಾನ್ಲಿಕರ್, ಆಸ್ಟ್ರಿಯಾ-ಹಂಗೇರಿ ಸೇನೆಯ ಹಳೆ ತೋಟಾ. ಬ್ರಿಟಿಷರು ತಮ್ಮ .303 ಜನರ ಕೈಗೆ ಹೋಗಬಾರದು ಅಂತ ತಡೆದಾಗ, ಸೇನೆ ಬಳಸದ ಈ ಬೋರ್ ನಾಗರಿಕರ ಪಾಲಿಗೆ ಉಳಿಯಿತು. ಇಷಾಪುರದ ರೈಫಲ್ ಕಾರ್ಖಾನೆ ಇವತ್ತಿಗೂ ಅದನ್ನು ಮಾಡುತ್ತದೆ. ಬೋಲ್ಟ್ ನೋಡಿದರೆ ನಮ್ಮ ಹಳೆ .303 ರೈಫಲ್ ಲೀ-ಎನ್‌ಫೀಲ್ಡ್ ನೆನಪಾಗುತ್ತದೆ, ಅದೇ ವಂಶ. ತೋಟಾ ಪುಣೆಯ ಖಡಕಿಯಿಂದ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ಈ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನನ್ಸ್ ಬೋರ್ಡ್ ಒಡೆದು ಏಳು ಕಂಪನಿ ಮಾಡಿದರು. ಈಗ ರೈಫಲ್ ಒಂದು ಕಂಪನಿಯದು, ತೋಟಾ ಇನ್ನೊಂದು ಕಂಪನಿಯದು. ಮಾಲು ಅದೇ.

ಲೆಕ್ಕ ಹೇಳುತ್ತೇನೆ. .315ರ ಗುಂಡು 244 ಗ್ರೇನ್, ಅಂದರೆ ಸುಮಾರು 16 ಗ್ರಾಂ. ವೇಗ ಸೆಕೆಂಡಿಗೆ 600 ಮೀಟರ್ ಆಸುಪಾಸು. .30-06ರ 180 ಗ್ರೇನ್ ಗುಂಡು 11.7 ಗ್ರಾಂ, ವೇಗ 820 ಮೀಟರ್. ಒಂದು ಭಾರ ಮತ್ತು ನಿಧಾನ, ಇನ್ನೊಂದು ಹಗುರ ಮತ್ತು ಜೋರು. ನೀವು ಹೇಳಿದ 60-70 ಮೀಟರ್‌ನಲ್ಲಿ ಹಂದಿಗೆ ಎರಡರಲ್ಲಿ ಯಾವುದೂ ಕಡಿಮೆ ಬೀಳುವುದಿಲ್ಲ. ಹಾಗಾಗಿ ಶಕ್ತಿ ನೋಡಿ ಆರಿಸುವ ಪ್ರಶ್ನೆಯೇ ಇಲ್ಲ.

ಯಾದಗಿರಿ ಭತ್ತ

ಹವಾಲ್ದಾರ್ ಸಾಹೇಬ್ರೇ, .22 ಯಾಕೆ ಬೇಡ? ತೋಟಾ ಅಗ್ಗ, ಸದ್ದು ಕಡಿಮೆ. ತಲೆಗೆ ಹೊಡೆದರೆ ಬೀಳುತ್ತದೆ ಅಂತಾರೆ.

ಆಳಂದ ಹವಾಲ್ದಾರ್ (ನಿವೃತ್ತ)

ಬೀಳುವುದಿಲ್ಲ ಸ್ವಾಮಿ. .22ರ ಗುಂಡು 40 ಗ್ರೇನ್, ಎರಡೂವರೆ ಗ್ರಾಂ ಚಿಲ್ಲರೆ. ಅದರ ಬಲ ಸುಮಾರು 140 ಜೂಲ್. .315 ಹತ್ತಿರ ಹತ್ತಿರ 2,900 ಜೂಲ್. ಅಜಗಜಾಂತರ. ಗಂಡು ಹಂದಿಗೆ ಭುಜದ ಮೇಲೆ ಗಟ್ಟಿ ನಾರಿನ ಪದರ ಇರುತ್ತದೆ, ಒಂದಕ್ಕೊಂದು ಗುದ್ದಾಡುವಾಗ ಕೋರೆ ತಾಗದಿರಲಿ ಅಂತ ಬೆಳೆದಿದ್ದು. .22 ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ, ತಲೆ ಅಲ್ಲಾಡಿಸುತ್ತಾ ಕೆದರುವ ಹಂದಿಯ ತಲೆಗೆ ಗುರಿ ಇಡುತ್ತೇನೆ ಅನ್ನುವುದು ಬರೀ ಮಾತು. ಗಾಯಗೊಂಡ ಹಂದಿ ತೊಗರಿಯೊಳಗೆ ನುಗ್ಗಿ ಮಲಗುತ್ತದೆ. ಬೆಳಿಗ್ಗೆ ಕಳೆ ಕೀಳಲು ಬಂದವರ ಮೇಲೆ ಏಳುತ್ತದೆ. ಅದೂ ನರಳಿ ನರಳಿ ಸಾಯುತ್ತದೆ. ಅದು ಪಾಪದ ಕೆಲಸ.

.22 ಇರುವುದು ಗುರಿ ಕಲಿಯಲಿಕ್ಕೆ. ಕ್ಲಬ್‌ನಲ್ಲಿ 50 ಮೀಟರ್ ರೇಂಜ್‌ನಲ್ಲಿ ಹೊಡೆಯಿರಿ, ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಸೇಡಂ ಫರಸಿ

ಇಲ್ಲಿಯವರೆಗೆ ಯಾರೂ ಮಾತಾಡದ ವಿಷಯ ಹೇಳುತ್ತೇನೆ. ಗುಂಡು ಹಂದಿಗೆ ತಾಗದಿದ್ದರೆ ಎಲ್ಲಿಗೆ ಹೋಗುತ್ತದೆ? ನಮ್ಮ ಭಾಗ ಬಯಲು. ಎರೆ ಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿ ಕಾಣುತ್ತದೆ. .30-06ರ ಗುಂಡನ್ನು ಸ್ವಲ್ಪ ಮೇಲಕ್ಕೆ ಬಿಟ್ಟರೆ ಮೂರು ಕಿಲೋಮೀಟರ್ ದಾಟಿ ಬೀಳುತ್ತದೆ. ಅಷ್ಟರೊಳಗೆ ಒಂದು ತಾಂಡಾ, ಒಂದು ಕುರಿ ಹಟ್ಟಿ, ಒಂದು ರಸ್ತೆ ಬಂದೇ ಬರುತ್ತದೆ. .22 ಚಿಕ್ಕದು ಅಂತ ನಂಬಬೇಡಿ, ಅದರ ಡಬ್ಬಿಯ ಮೇಲೆಯೇ ಒಂದೂವರೆ ಮೈಲಿ ಅಪಾಯ ಅಂತ ಬರೆದಿರುತ್ತಾರೆ.

ಎರಡನೆಯದು ಕಲ್ಲು. ಸೇಡಂ, ಶಹಾಬಾದ್, ಚಿತ್ತಾಪುರ ಕಡೆ ಮಣ್ಣಿನ ಕೆಳಗೆ ಗೇಣು ಅಗೆದರೆ ಫರಸಿ. ಬದುವಿಗೆ ಫರಸಿ, ಬೇಲಿಗೆ ಫರಸಿ, ಹಳೆ ಗಣಿಯ ಗುಂಡಿ ತುಂಬ ಫರಸಿ. ನಾನು ಹುಟ್ಟಿದ್ದೇ ಗಣಿ ಮನೆಯಲ್ಲಿ, ಆ ಕಲ್ಲಿನ ಗುಣ ಗೊತ್ತು. ಮೇಲ್ಮೈ ನುಣುಪು, ಪದರ ಪದರವಾಗಿ ಸಪಾಟು. ಓರೆಯಾಗಿ ಬಂದ ಗುಂಡು ಅದಕ್ಕೆ ತಾಗಿದರೆ ಒಳಗೆ ಹೋಗುವುದಿಲ್ಲ, ಜಾರಿ ಚಿಮ್ಮುತ್ತದೆ. ಯಾವ ಕಡೆ ಅಂತ ದೇವರಿಗೇ ಗೊತ್ತು. .22ರ ಮೆತ್ತನೆ ಸೀಸದ ಗುಂಡು ಹೀಗೆ ಚಿಮ್ಮುವುದರಲ್ಲಿ ಎಲ್ಲಕ್ಕಿಂತ ಮುಂದು.

ಮೂರನೆಯದು ತೊಗರಿ. ಹೂವಿಗೆ ಬಂದ ತೊಗರಿ ಆಳೆತ್ತರ ಇರುತ್ತದೆ. ಹಂದಿಯ ಹಿಂದೆ ಏನಿದೆ, ಯಾರಿದ್ದಾರೆ ಒಂದೂ ಕಾಣುವುದಿಲ್ಲ. ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಹೊಲದವರು ಇರಬಹುದು.

ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಕ್ಯಾಲಿಬರ್ ಆರಿಸುವ ಮೊದಲು ಹೊಲದಲ್ಲಿ ನಿಂತು ಗುಂಡು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. ನಿಲ್ಲುವ ಜಾಗ ಇಲ್ಲದಿದ್ದರೆ ರೈಫಲ್ ಯಾವುದೂ ಬೇಡ. 12 ಬೋರ್‌ನ ದಪ್ಪ ಗುಂಡುಗಳು 35-40 ಮೀಟರ್‌ವರೆಗೆ ಕೆಲಸ ಮಾಡುತ್ತವೆ, ಕೆಲವು ನೂರು ಮೀಟರ್‌ಗೆ ನೆಲಕ್ಕೆ ಬೀಳುತ್ತವೆ. ಬಯಲು ಸೀಮೆಗೆ ಅದೇ ದೊಡ್ಡ ಗುಣ.

ಚಿಂಚೋಳಿ ತೊಗರಿ

ಫರಸಿ ಅಣ್ಣಾ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ನಮ್ಮ ಹೊಲದ ಮೇಲಿನ ಭಾಗ ಕೆಂಪು ಮಣ್ಣಿನ ದಿಬ್ಬ, ಕಾಡಿನ ಕಡೆ ಏರು. ಕೆಳಗೆ ಎರೆ, ಸಪಾಟು, ಆಮೇಲೆ ಊರ ದಾರಿ. ಹಂದಿ ಮೇಲಿನಿಂದ ಇಳಿಯುತ್ತವೆ. ಜೋಳಕ್ಕೆ ಹಕ್ಕಿ ಕಾಯಲು ಹಾಕುವ ಅಟ್ಟ ಮಧ್ಯದಲ್ಲಿದೆ.

ಸೇಡಂ ಫರಸಿ

ಹಾಗಾದರೆ ಅಟ್ಟವೇ ನಿಮ್ಮ ಆಸ್ತಿ. ನೆಲದ ಮೇಲೆ ನಿಂತು ಹೊಡೆದ ಗುಂಡು ನೆಲಕ್ಕೆ ಸಮನಾಗಿ ಓಡುತ್ತದೆ. ಅಟ್ಟದ ಮೇಲಿಂದ ಕೆಳಮುಖವಾಗಿ ಹೊಡೆದದ್ದು ಹಂದಿಯ ಹಿಂದೆಯೇ ಮಣ್ಣಿಗೆ ಹೋಗುತ್ತದೆ. ಹತ್ತಿರ ಇದ್ದಷ್ಟೂ ಕೋನ ಜಾಸ್ತಿ, ಅಷ್ಟೂ ಒಳ್ಳೆಯದು. ದಿಬ್ಬದ ಕಡೆ ಮುಖ ಮಾಡಿ ಮಾತ್ರ ಹೊಡೆಯಿರಿ. ಊರ ದಾರಿಯ ಕಡೆ ಹಂದಿ ನಿಂತು ನಿಮ್ಮನ್ನೇ ನೋಡಿದರೂ ಕುದುರೆ (ಟ್ರಿಗರ್) ಮುಟ್ಟಬೇಡಿ. ದಿಬ್ಬದಲ್ಲಿ ಕಲ್ಲು ಎಷ್ಟಿದೆ ಅಂತ ಹಗಲು ಹೊತ್ತು ಸಲಾಕೆ ಚುಚ್ಚಿ ನೋಡಿ.

ಹಳೆ ಫಾರೆಸ್ಟರ್

ನಿಮ್ಮ ಮಾತು ಓದುತ್ತಾ ಬಂದೆ. ಬಂದೂಕಿನ ವಿಷಯ ಚೆನ್ನಾಗಿ ಹೇಳಿದ್ದೀರಿ. ಆದರೆ ಇಬ್ಬರು ಮೂವರು "ಹೊಡೆಯಿರಿ" ಅಂದಿದ್ದೀರಿ, ಯಾರೂ ಅನುಮತಿ ಅಂದಿಲ್ಲ. ನಾನು ಇಲಾಖೆಯಲ್ಲಿ ಇದ್ದವನು, ಹೇಳದೆ ಇರಲಾರೆ.

ಬಂದೂಕಿನ ಲೈಸೆನ್ಸ್ ಬೇರೆ, ಹೊಡೆಯುವ ಅನುಮತಿ ಬೇರೆ. ಲೈಸೆನ್ಸ್ ಕೊಡುವುದು 1959ರ ಆಯುಧ ಕಾಯ್ದೆ ಕೆಳಗೆ, ಡಿಸಿ ಸಾಹೇಬರು. ಕಲಬುರಗಿ ನಗರದೊಳಗೆ ಆದರೆ ಪೊಲೀಸ್ ಕಮಿಷನರ್. ಪ್ರಾಣಿಯ ವಿಷಯ 1972ರ ವನ್ಯಜೀವಿ ಕಾಯ್ದೆಗೆ ಸೇರಿದ್ದು. 9ನೇ ಕಲಂ ಪ್ರಕಾರ ಬೇಟೆ ನಿಷಿದ್ಧ. 11ನೇ ಕಲಂನಲ್ಲಿ ಒಂದು ಬಾಗಿಲು ಇದೆ: ಹೊಲದಲ್ಲಿ ನಿಂತ ಬೆಳೆ ಸೇರಿ ಆಸ್ತಿಗೆ ಅಪಾಯ ಆಗಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಇಲ್ಲ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಆದೇಶ ಕೊಡಬಹುದು. ಕಾಡುಹಂದಿ ಈಗ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ (ಪ್ರಾಣಿಗಳ ಪಟ್ಟಿಯಲ್ಲಿ) ಇದೆ, ಹಾಗಾಗಿ ಅದಕ್ಕೆ ಈ ಬಾಗಿಲು ತೆರೆದಿದೆ. ಕೈಯಲ್ಲಿ ಆ ಕಾಗದ ಇಲ್ಲದೆ ಬೆಳೆ ರಕ್ಷಣೆ ಲೈಸೆನ್ಸ್ ತೋರಿಸಿದರೆ ಕೇಸ್ ಆಗುವುದಿಲ್ಲ ಅನ್ನುವ ಭ್ರಮೆ ಬೇಡ.

ಅನುಮತಿ ಸಿಕ್ಕು ಹೊಡೆದರೂ ಹಂದಿ ನಿಮ್ಮದಲ್ಲ. 39ನೇ ಕಲಂ ಪ್ರಕಾರ ಅದು ಸರ್ಕಾರದ ಸೊತ್ತು. ಸಿಬ್ಬಂದಿಗೆ ತಿಳಿಸಿ, ಪಂಚನಾಮೆ ಆಗಿ, ಅವರು ಹೇಳಿದ ಹಾಗೆ ವಿಲೇವಾರಿ ಆಗಬೇಕು. ಮನೆಗೆ ಒಂದು ತುಂಡೂ ಹೋಗಬಾರದು.

ಇನ್ನು ಚಿಂಚೋಳಿಯವರೇ, ನಿಮಗೆ ಮುಖ್ಯ ಮಾತು. ಚಿಂಚೋಳಿ ವನ್ಯಜೀವಿ ಧಾಮ ಅಂತ 2011ರಲ್ಲಿ ಘೋಷಣೆ ಆಗಿದೆ. ಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಆಯುಧ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಇದು ಅದೇ ಕಾಯ್ದೆಯ 34ನೇ ಕಲಂ. ಹಳೆ ಲೈಸೆನ್ಸ್ ಇದ್ದವರೂ ಹೆಸರು ನೋಂದಾಯಿಸಬೇಕು. ನಿಮ್ಮ ಅಪ್ಪನವರ ಹೆಸರು ನೋಂದಣಿ ಆಗಿದೆಯಾ? ಕ್ಯಾಲಿಬರ್‌ಗಿಂತ ಮೊದಲು ಅದನ್ನು ಕೇಳಿ.

ಚಿಂಚೋಳಿ ತೊಗರಿ

ಸರ್, ಧಾಮದ ಗಡಿಯಿಂದ ನಾವು 10 ಕಿಲೋಮೀಟರ್ ಒಳಗೇ ಬರುತ್ತೇವೆ. ನೋಂದಣಿ ವಿಷಯ ಅಪ್ಪನನ್ನು ಕೇಳಿದೆ. ಅಂಥದ್ದೊಂದು ಕಾಗದ ಆಗಿದೆ ಅಂದರು, ಟ್ರಂಕಿನಲ್ಲಿ ಹುಡುಕಬೇಕು. ಈ 34ನೇ ಕಲಂ ನನಗೆ ಯಾರೂ ಹೇಳಿರಲಿಲ್ಲ. ಹೀಗಾದರೆ ರೈಫಲ್ ಅರ್ಜಿಗೆ ಎಷ್ಟು ಕಾಲ ಹಿಡಿಯುತ್ತದೋ. ಅಲ್ಲಿಯವರೆಗೆ ಅಜ್ಜನ ಬಂದೂಕನ್ನೇ ನನ್ನ ಹೆಸರಿಗೆ ಮಾಡಿಸಬಹುದಾ? ಅಪ್ಪನಿಗೆ 70 ದಾಟಿದೆ.

ಆಳಂದ ಹವಾಲ್ದಾರ್ (ನಿವೃತ್ತ)

ಮಾಡಿಸಬಹುದು. 2016ರ ಆಯುಧ ನಿಯಮದಲ್ಲಿ ಅವಕಾಶ ಇದೆ. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರಿಗೆ. ಬದುಕಿದ್ದಾಗಲೇ ಆದರೆ, ಅವರಿಗೆ 70 ತುಂಬಿರಬೇಕು ಇಲ್ಲ ಬಂದೂಕು 25 ವರ್ಷ ಅವರ ಹತ್ತಿರ ಇದ್ದಿರಬೇಕು. ಬೇರೆ ವಾರಸುದಾರರು ತಕರಾರಿಲ್ಲ ಅಂತ ಬರೆದು ಕೊಡಬೇಕು, ಅಕ್ಕ-ತಂಗಿಯರನ್ನೂ ಸೇರಿಸಿ. ಲೈಸೆನ್ಸ್ ಮಾತ್ರ ನಿಮ್ಮ ಹೆಸರಲ್ಲಿ ಹೊಸದೇ ಆಗಬೇಕು, ಹಾಗಾಗಿ ಫಾರೆಸ್ಟರ್ ಹೇಳಿದ 34ನೇ ಕಲಂನ ಮಾತನ್ನು ಅದಕ್ಕೂ ಕೇಳಿಕೊಳ್ಳಿ. ಬಂದೂಕು ಹಿಡಿಯುವ ತರಬೇತಿಯ ಸರ್ಟಿಫಿಕೇಟ್ ಕೂಡ ಈಗ ಕೇಳುತ್ತಾರೆ. 2019ರ ತಿದ್ದುಪಡಿ ಆದಮೇಲೆ ಒಬ್ಬರ ಹೆಸರಲ್ಲಿ ಎರಡೇ ಆಯುಧ, ಲೈಸೆನ್ಸ್ ಅವಧಿ ಐದು ವರ್ಷ. ಮೊದಲು ಮೂರು ಆಯುಧ, ಮೂರು ವರ್ಷ ಇತ್ತು. 12 ಬೋರ್ ಮತ್ತು ಒಂದು ರೈಫಲ್ ಅಂದರೆ ನಿಮ್ಮ ಲೆಕ್ಕ ಅಲ್ಲಿಗೆ ಮುಗಿಯಿತು.

ಕೊಡಗಿನವರಿಗೆ ಲೈಸೆನ್ಸ್ ಬೇಕಿಲ್ಲವಲ್ಲ ಅಂತ ಯಾರಾದರೂ ಹೇಳಿದರೆ, ಅದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೊಟ್ಟ ರಿಯಾಯಿತಿ. ನಮಗೂ ಅದಕ್ಕೂ ಸಂಬಂಧ ಇಲ್ಲ.

ಬಂದೂಕು ರಿಪೇರಿ, ಕಲಬುರಗಿ

ಅಜ್ಜನ ಬಂದೂಕು ಅಂದಿರಿ. ಇಂಗ್ಲೆಂಡಿನದ್ದಾ? ಹಾಗಿದ್ದರೆ ಇದನ್ನು ಮಾಡಿ. ಮೊದಲು ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮುಂದಿನ ಕಟ್ಟಿಗೆ ಕಳಚಿ, ನಳಿಗೆ ಬಿಡಿಸಿ, ಮಗುಚಿ ಹಿಡಿಯಿರಿ. ಬುಡದ ಸಪಾಟು ಜಾಗದಲ್ಲಿ ಸಣ್ಣ ಸಣ್ಣ ಮುದ್ರೆ ಇರುತ್ತವೆ. ಎಣ್ಣೆ ಮೆತ್ತಿ ಕಪ್ಪಾಗಿದ್ದರೆ ಹತ್ತಿ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಬೆಳಕಿಗೆ ಓರೆ ಮಾಡಿ ನೋಡಿ. ಅಲ್ಲಿ 2½ ಇಂಚು ಅಂತ ಕಂಡರೆ ಹುಷಾರು. ಅದು 65 ಮಿಲಿಮೀಟರ್ ತೋಟಾಕ್ಕೆ ಮಾಡಿದ ಕೋಣೆ.

ಈಗ ಅಂಗಡಿಯಲ್ಲಿ 65 ಮತ್ತು 70 ಎರಡೂ ಇರುತ್ತವೆ. 70 ಮಿಲಿಮೀಟರ್ ತೋಟಾ ಆ ಕೋಣೆಯೊಳಗೆ ಸಲೀಸಾಗಿ ಹೋಗುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ ಕೂಡ. ಯಾಕೆಂದರೆ ಸಿಡಿಯುವ ಮೊದಲು ಬಾಯಿ ಮಡಚಿದ ತೋಟಾದ ಉದ್ದ ಕಡಿಮೆ. ಆದರೆ ಸಿಡಿದಾಗ ಮಡಿಕೆ ಬಿಚ್ಚಿ ಮುಂದೆ ಚಾಚಬೇಕು. ಅಲ್ಲಿ ಜಾಗ ಇಲ್ಲ. ಬಾಯಿ ಬಿಗಿಯಾಗಿ ಒತ್ತಡ ಏರುತ್ತದೆ. ನಳಿಗೆ ಉಬ್ಬಿ, ಕೀಲು ಸಡಿಲಾಗಿ ನನ್ನ ಮೇಜಿಗೆ ಬಂದ ಬಂದೂಕುಗಳನ್ನು ನೋಡಿದ್ದೇನೆ. ಹಿಡಿದವರ ಬೆರಳು ಉಳಿದಿದ್ದು ಪುಣ್ಯ.

ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಪಟ್ಟಿ ಸುತ್ತಿ ಬೆಸೆದಿದ್ದು. ಅದರಲ್ಲಿ ಈಗಿನ ತೋಟಾ ಹೊಡೆಯಲೇಬೇಡಿ, ಗೋಡೆಗೆ ನೇತುಹಾಕಿ. ಉಕ್ಕಿನ ನಳಿಗೆಯಾದರೆ, ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಕೀಲು ಸವೆದಿದೆ, ತಂದು ತೋರಿಸಿ. ಇನ್ನೊಂದು ಮಾತು, ಉದ್ದ ಜಾಸ್ತಿ ಅಂತ ನಳಿಗೆ ಕುಯ್ಯಿಸುವ ಹುಚ್ಚು ಕೆಲವರಿಗೆ ಇದೆ. 20 ಇಂಚಿಗಿಂತ ಕಡಿಮೆ ಆದರೆ ಅದೂ ನಿಷೇಧಿತ ಆಯುಧವೇ.

ಚಿಂಚೋಳಿ ತೊಗರಿ

ಇವತ್ತೇ ನೋಡಿದೆ. 2½ ಅಂತಲೇ ಇದೆ, ಪಕ್ಕದಲ್ಲಿ 12. ಸುರುಳಿ ಗೆರೆ ಇಲ್ಲ. ಟಕ್ ಅನ್ನುವುದಿಲ್ಲ. ಮನೆಯಲ್ಲಿರುವ ತೋಟಾ ಡಬ್ಬಿ ತೆಗೆದು ನೋಡಿದರೆ ಒಂದು ಡಬ್ಬಿ 65, ಒಂದು ಡಬ್ಬಿ 70. ಆ 70ರ ಡಬ್ಬಿ ಬೇರೆ ಎತ್ತಿಟ್ಟು ಬೀಗ ಹಾಕಿದ್ದೇನೆ. ನಿಮ್ಮನ್ನು ಎಷ್ಟು ನೆನೆದರೂ ಸಾಲದು.

ಸುರಪುರ

ಎಲ್ಲರೂ 12 ಬೋರ್ ಕಡೆ ವಾಲುತ್ತಿದ್ದೀರಿ, ನಾನು .30-06 ಪರ ಮಾತಾಡುತ್ತೇನೆ. ನನ್ನ ಹತ್ತಿರ ಇದೆ, ಅದರ ಮೇಲೆ ನನಗೆ ಪ್ರೀತಿ. 12 ಬೋರ್‌ನ ಚರ್ರೆ ಗುಂಡು (ಒಂದೇ ತೋಟಾದಲ್ಲಿರುವ ಹಲವು ಗುಂಡು) 40 ಮೀಟರ್ ದಾಟಿದರೆ ಹರಡಿಬಿಡುತ್ತದೆ. ಒಂದು ಹೊಟ್ಟೆಗೆ, ಒಂದು ಕಾಲಿಗೆ, ಉಳಿದದ್ದು ಮಣ್ಣಿಗೆ. ಹಂದಿ ಓಡಿಹೋಗುತ್ತದೆ, ಎರಡು ದಿನ ಬಿಟ್ಟು ನಾಲೆಯ ಪಕ್ಕ ವಾಸನೆ ಬರುತ್ತದೆ. ರೈಫಲ್‌ನಲ್ಲಿ ಒಂದೇ ಗುಂಡು, ಒಂದೇ ಜಾಗ, ಮುಂಗಾಲಿನ ಹಿಂದೆ ಎದೆಯ ಕೆಳಭಾಗ. ನಿಂತಲ್ಲೇ ಮುಗಿಯುತ್ತದೆ. ಪ್ರಾಣಿಗೆ ಹಿಂಸೆ ಕಡಿಮೆ.

.315ಕ್ಕೆ ದುರ್ಬೀನು ಕೂರಿಸುವುದು ಕಷ್ಟ. ಕಬ್ಬಿಣದ ಕಟ್ಟುಗಣ್ಣಿನಲ್ಲೇ, ಅಂದರೆ ನಳಿಗೆಯ ಮೇಲಿನ ಗುರಿಮೊನೆಯಲ್ಲೇ, ಗುರಿ ಇಡಬೇಕು, ಬೆಳದಿಂಗಳಲ್ಲಿ ಮುಂದಿನ ಕಣ್ಣು ಕಾಣುವುದೇ ಇಲ್ಲ. .30-06 ಮೌಸರ್ ಮಾದರಿ, ಅದರ ಮೇಲೆ ದುರ್ಬೀನು ಸರಿಯಾಗಿ ಕೂರುತ್ತದೆ. ದುರ್ಬೀನಿನಲ್ಲಿ ಹಿಂದೆ ಏನಿದೆ ಅಂತಲೂ ಕಾಣುತ್ತದೆ. ಫರಸಿ ಅಣ್ಣನ ಭಯಕ್ಕೆ ಅದೂ ಒಂದು ಉತ್ತರ ಅಲ್ವಾ?

ಸೇಡಂ ಫರಸಿ

ಅರ್ಧ ಉತ್ತರ. ದುರ್ಬೀನಿನಲ್ಲಿ ತೊಗರಿಯ ಆಚೆ ಕಾಣುವುದಿಲ್ಲ. ಮತ್ತೆ ಒಂದು ಮಾತು, ಏನಿದೆ ಅಂತ ನೋಡಲು ಲೋಡ್ ಆದ ರೈಫಲ್ ತಿರುಗಿಸಬಾರದು. ನೋಡಲಿಕ್ಕೆ ಬ್ಯಾಟರಿ ಇದೆ, ಬೇರೆ ದುರ್ಬೀನು ಇದೆ. ಮೊದಲು ನೋಡಿ, ಆಮೇಲೆ ರೈಫಲ್ ಎತ್ತಿ.

ಸುರಪುರ

ಒಪ್ಪಿದೆ. ಆದರೂ ದಿಬ್ಬ ಇರುವ ಹೊಲಕ್ಕೆ .30-06 ಅಂತಲೇ ನಾನು ಹೇಳುವುದು.

ಆಳಂದ ಹವಾಲ್ದಾರ್ (ನಿವೃತ್ತ)

ಸುರಪುರದವರ ಮಾತು ಗುರಿಯ ಮಟ್ಟಿಗೆ ಸರಿ. ನನ್ನ ತಕರಾರು ತೋಟಾದ್ದು. ವರ್ಷಕ್ಕೆ ಎಷ್ಟು ತೋಟಾ ಅಂತ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತಾರೆ. ಅಷ್ಟರಲ್ಲೇ ಗುರಿ ಹೊಂದಿಸಬೇಕು, ಅಭ್ಯಾಸ ಮಾಡಬೇಕು, ಕೆಲಸಕ್ಕೂ ಉಳಿಸಬೇಕು. .315 ತೋಟಾ ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನ್ಯ. .30-06 ಬೇಕೆಂದರೆ ಬಹಳ ಸಲ ಕಾಯಬೇಕು. ತೋಟಾ ಉಳಿಸಲಿಕ್ಕೆ ಅಂತ ಅಭ್ಯಾಸ ಬಿಟ್ಟವನ ಕೈಯಲ್ಲಿ .30-06 ಇದ್ದರೂ ಅಷ್ಟೇ. ಹೊರದೇಶದಿಂದ ರೈಫಲ್ ತರಿಸುವ ದಾರಿ ನಮ್ಮಂಥವರಿಗೆ 1980ರ ದಶಕದಿಂದಲೇ ಮುಚ್ಚಿದೆ, ಅದು ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ. ಆಗ ಬಂದ ಹಳೆ ರೈಫಲ್‌ಗಳೇ ಈಗ ಸಿಕ್ಕಾಪಟ್ಟೆ ಬೆಲೆಗೆ ಕೈ ಬದಲಾಗುತ್ತಿವೆ. ಅವುಗಳ ಹಿಂದೆ ಹೋಗಬೇಡಿ, ಯಾವುದೋ ಅಪರೂಪದ ಬೋರ್ ತಗೊಂಡು ತೋಟಾ ಸಿಗದೆ ಕೂರುತ್ತೀರಿ.

ಔರಾದ್ ಉದ್ದು

ನಮ್ಮ ಬೀದರ್ ಕಡೆ ಹಂದಿಗಿಂತ ಚಿಗರಿ ಕಾಟ. ಉದ್ದು, ಹೆಸರು, ಸೋಯಾ ಮೊಳಕೆ ಬಂದ ತಕ್ಷಣ ಹಿಂಡು ಬಂದು ಮೇಯುತ್ತದೆ. ಅದಕ್ಕೂ 11ನೇ ಕಲಂನಲ್ಲಿ ಅರ್ಜಿ ಹಾಕಬಹುದಾ ಫಾರೆಸ್ಟರ್ ಸರ್?

ಹಳೆ ಫಾರೆಸ್ಟರ್

ಆಗುವುದಿಲ್ಲ. ಚಿಗರಿ ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿ. ಬೆಳೆ ಹಾನಿ ಅಂತ ಅದನ್ನು ಹೊಡೆಯಲು ಅನುಮತಿ ಕೊಡುವ ಅವಕಾಶವೇ ಕಾನೂನಿನಲ್ಲಿ ಇಲ್ಲ. ಹೊಡೆದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೆ ಜೈಲು. ಬೆಳೆ ಹಾನಿಗೆ ಪರಿಹಾರದ ಅರ್ಜಿ ಹಾಕಿ. ಹಾನಿ ಆದ ಹೊಸತರಲ್ಲೇ ಫೋಟೊ ತೆಗೆದು, ಪಹಣಿ ಜೊತೆ ಕೊಡಿ. ಗೊರಸಿನ ಗುರುತು ಅಳಿಸಿದ ಮೇಲೆ ಹೋದರೆ ಯಾರೂ ಒಪ್ಪುವುದಿಲ್ಲ.

ಹುಮನಾಬಾದ್ ಅಕ್ಕ

ಇಷ್ಟೂ ಓದಿದೆ. ಅಣ್ಣ-ತಮ್ಮಂದಿರೇ, ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರ ಪರವಾಗಿ ಮಾತಾಡುತ್ತೇನೆ. ಕಳೆ ಕೀಳುವುದು, ಬಿಡಿಸುವುದು ಎಲ್ಲ ಹೆಣ್ಣುಮಕ್ಕಳೇ. ನಸುಕಿನಲ್ಲೇ ಹೊಲಕ್ಕೆ ಹೋಗುತ್ತೇವೆ. ಬಗ್ಗಿದಾಗ ನಾವು ಹಂದಿಯ ಎತ್ತರವೇ. ಕಪ್ಪು ಕಂಬಳಿ ಹೊದ್ದಿದ್ದರೆ ಕೇಳಲೇಬೇಡಿ. ಯಾವ ಹೊಲದಲ್ಲಿ ಬಂದೂಕು ಹಿಡಿದು ಕೂರುತ್ತೀರೋ, ಹಿಂದಿನ ದಿನವೇ ಊರಿಗೆಲ್ಲ, ತಾಂಡಾಕ್ಕೆ, ಕುರಿ ಕಾಯುವವರಿಗೆ ತಿಳಿಸಿ. ಡಂಗುರ ಹೊಡೆಸಿದರೂ ತಪ್ಪಿಲ್ಲ. ನಸುಕಿಗೆ ಮೊದಲೇ ತೋಟಾ ತೆಗೆದು ಅಟ್ಟ ಇಳಿಯಿರಿ.

ಬಂದೂಕಿನಿಂದ ವರ್ಷಪೂರ್ತಿ ಬೆಳೆ ಕಾಯಲು ಆಗುವುದಿಲ್ಲ. ನಾವು ಸೋಲಾರ್ ಬೇಲಿ ಹಾಕಿದ್ದೇವೆ. ಕೆಳಗಿನ ತಂತಿ ಗೇಣಿನ ಎತ್ತರಕ್ಕೆ ಇರಬೇಕು, ಹಂದಿ ಮೂತಿ ಹಾಕುವುದು ಅಲ್ಲೇ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಹೋಗುತ್ತದೆ, ಹಾಗಾಗಿ ತಂತಿಯ ಕೆಳಗೆ ಕಸ ತೆಗೆಯುತ್ತಲೇ ಇರಬೇಕು. ಅದರ ಹೊಡೆತ ಬಿಟ್ಟು ಬಿಟ್ಟು ಬರುತ್ತದೆ, ಹೆದರಿಸುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರ ಕರೆಂಟು ಎಳೆದು ತಂತಿಗೆ ಕೊಡುವವರು ಇದ್ದಾರೆ. ಅದು ಕೊಲೆ. ಹಂದಿಗಿಂತ ಮೊದಲು ಮನೆಯವರೇ ಸಿಕ್ಕಿಕೊಳ್ಳುತ್ತಾರೆ. ಸಿಡಿಮದ್ದಿನ ಉಂಡೆ ಇಡುವುದೂ ಅಷ್ಟೇ, ದನ, ನಾಯಿ ಬಾಯಿ ಹಾಕಿ ದವಡೆ ಹಾರಿಹೋಗುತ್ತದೆ. ಬೇಲಿಗೆ ದುಡ್ಡಿಲ್ಲದ ವರ್ಷ ಹಳೆ ಸೀರೆ ಸುತ್ತುತ್ತಿದ್ದೆವು. ಮೊದಮೊದಲು ಹೆದರುತ್ತವೆ, ಆಮೇಲೆ ರೂಢಿಯಾಗುತ್ತದೆ.

ಚಿಂಚೋಳಿ ತೊಗರಿ

ಅಕ್ಕಾ, ನಿಮ್ಮ ಮಾತು ಮನೆಯಲ್ಲಿ ಓದಿ ಹೇಳಿದೆ. ನಮ್ಮವ್ವ "ಇದನ್ನ ಮೊದಲು ಮಾಡು" ಅಂದಳು.

ಈಗ ನನ್ನ ತೀರ್ಮಾನ. ಶೇಂಗಾ ಹೊಲಕ್ಕೆ ಮಾತ್ರ ಈ ಸಲ ಸೋಲಾರ್ ಬೇಲಿ. ಅಪ್ಪನ ನೋಂದಣಿ ಕಾಗದ ಸಿಕ್ಕಿತು. ಅಜ್ಜನ 12 ಬೋರನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ, ಅದಕ್ಕೆ 65 ಮಿಲಿಮೀಟರ್ ತೋಟಾ ಮಾತ್ರ. ಹಂದಿಗೆ 11ನೇ ಕಲಂ ಅರ್ಜಿ ಅರಣ್ಯ ಕಚೇರಿಗೆ, ಹಾನಿಯ ಫೋಟೊ ಸಮೇತ. ರೈಫಲ್‌ಗೆ 34ನೇ ಕಲಂ ಒಪ್ಪಿಗೆ ಬಂದರೆ .315 ಅಂತ ಬರೆಯುತ್ತೇನೆ. ಸುರಪುರ ಅಣ್ಣಾ, ಬೇಜಾರಾಗಬೇಡಿ. ತೋಟಾ ಸಿಗುವುದೇ ನನಗೆ ದೊಡ್ಡದು, ಮತ್ತೆ ನಾನು ದಿಬ್ಬದ ಕಡೆ 50 ಮೀಟರ್ ಒಳಗೆ ಮಾತ್ರ ಹೊಡೆಯುವವನು. ಅಷ್ಟಕ್ಕೆ ಕಟ್ಟುಗಣ್ಣು ಸಾಕು.

ಕೊನೆಯ ಎರಡು ಪ್ರಶ್ನೆ. ನಮಗೆ ಹೈದರಾಬಾದ್ ಹತ್ತಿರ. ಅಲ್ಲಿಂದ ತೋಟಾ ತರಬಹುದಾ? ಚುನಾವಣೆ ಬಂದಾಗ ಬಂದೂಕು ಠಾಣೆಗೆ ಕೊಡು ಅನ್ನುತ್ತಾರಲ್ಲ, ಬೆಳೆ ನಿಂತಿದ್ದರೆ ಏನು ಮಾಡುವುದು?

ಸುರಪುರ

ಬೇಜಾರಿಲ್ಲ ತಮ್ಮಾ. .315 ಬಂದಾಗ ಹೇಳು, ಗುರಿ ಹೊಂದಿಸಲು ನಾನೇ ಬರುತ್ತೇನೆ.

ಆಳಂದ ಹವಾಲ್ದಾರ್ (ನಿವೃತ್ತ)

ಮೊದಲನೆಯದು. ಲೈಸೆನ್ಸ್ ಪುಸ್ತಕದಲ್ಲಿ ವ್ಯಾಪ್ತಿ ಎಲ್ಲಿಯವರೆಗೆ ಅಂತ ಬರೆದಿರುತ್ತದೆ. ಜಿಲ್ಲೆ ಅಂತಲೋ ಕರ್ನಾಟಕ ಅಂತಲೋ ಇದ್ದರೆ ಹೈದರಾಬಾದ್ ನಿಮ್ಮ ವ್ಯಾಪ್ತಿಯ ಹೊರಗೆ. ಹಾಗೇ ತೋಟಾ ತಗೊಂಡು ಗಡಿ ದಾಟಬೇಡಿ. ಡಿಸಿ ಕಚೇರಿಯಲ್ಲಿ ಮೊದಲು ಅನುಮತಿ ಮಾಡಿಸಿ, ಇಲ್ಲ ಕಲಬುರಗಿಯ ಅಂಗಡಿಯವರಿಗೆ ಹೇಳಿ ತರಿಸಿಕೊಳ್ಳಿ. ಅಂಗಡಿಯವರು ಪುಸ್ತಕದಲ್ಲಿ ತೋಟಾ ಲೆಕ್ಕ ಬರೆದು ಮುದ್ರೆ ಹಾಕಿದ್ದನ್ನು ಅಲ್ಲೇ ನಿಂತು ನೋಡಿ.

ಎರಡನೆಯದು. ಚುನಾವಣೆ ಹೊತ್ತಿಗೆ ಯಾರು ಠೇವಣಿ ಇಡಬೇಕು ಅಂತ ಜಿಲ್ಲೆಯಲ್ಲಿ ಒಂದು ಸಮಿತಿ ನೋಡುತ್ತದೆ. ಬೆಳೆ ಕಾಯಲಿಕ್ಕೆ ಬೇಕು ಅಂತ ವಿನಾಯಿತಿ ಕೇಳಿ ಅರ್ಜಿ ಕೊಡಬಹುದು, ಪಹಣಿ ಮತ್ತು ಅರಣ್ಯ ಇಲಾಖೆಯ ಅನುಮತಿ ಪತ್ರದ ನಕಲು ಹಚ್ಚಿ. ಕೊಡಲಿಲ್ಲ ಅಂದರೆ ವಾದ ಮಾಡದೆ ಠೇವಣಿ ಇಟ್ಟು, ಬಂದೂಕಿನ ನಂಬರ್ ಹಾಕಿದ ರಸೀದಿ ತಗೊಳ್ಳಿ. ಇಡುವ ಮೊದಲು ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿ. ಅಲ್ಲಿ ಯಾರೂ ಒರೆಸುವುದಿಲ್ಲ, ವಾಪಸ್ ಬರುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.